ಹದಿನೈದು ಮೊದಲು, ಹದಿನೇಳು ಆಮೇಲೆ

ಕೋಲಾರದ ನಮ್ಮ ಶಾಲೆಯ ಬೈಬಲ್ ಪೀರಿಯಡ್ಡನ್ನು ಬಾಯಿಪಾಠದ ತರಗತಿ ಅಂದುಕೊಂಡವರೇ ಹೆಚ್ಚು. ಮೇಷ್ಟ್ರು ಮಾತ್ರ ದೇವರು ಮೋಶೆಯ ಮೂಲಕ ಕೊಟ್ಟ ಹತ್ತು ಆಜ್ಞೆಗಳಿಂದ ಎಂದೂ ಪಾಠ ಶುರು ಮಾಡಿದವರಲ್ಲ. ಅಲ್ಲಿಂದ ಹಿಡಿದರೆ ‘ಆಜ್ಞೆ ಪಾಲಿಸಿದವನಿಗಷ್ಟೇ ದೇವರು ಒಲಿಯುವುದು’ ಎಂಬುದು ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ, ಆಮೇಲೆ ಅಪೊಸ್ತಲ ಪೌಲ ಆದಿ ಸಭೆಗಳಿಗೆ ಬರೆದ ಪತ್ರಿಕೆಗಳನ್ನು ಎಷ್ಟು ಓದಿಸಿದರೂ ಕದಲುವುದಿಲ್ಲ ಎನ್ನುತ್ತಿದ್ದರು.

ಅವರು ಮೊದಲು ತೆಗೆಸುತ್ತಿದ್ದುದು ಆದಿಕಾಂಡ 15:6. ಅಬ್ರಹಾಮ ದೇವರ ಮಾತನ್ನು ನಂಬಿದ. ಆ ನಂಬಿಕೆಯೇ ಅವನ ಪಾಲಿಗೆ ನೀತಿ (ದೇವರೆದುರು ಸರಿಯೆನಿಸುವುದು) ಎಂದು ಎಣಿಕೆಯಾಯಿತು. ದೇವರ ಒಡಂಬಡಿಕೆಯ ಗುರುತಾದ ಸುನ್ನತಿಯ ಮಾತು ಬರುವುದು 17ನೇ ಅಧ್ಯಾಯದಲ್ಲಿ. ನಡುವೆ ಎಷ್ಟು ವರ್ಷ? ನಡುವಿನ 16ನೇ ಅಧ್ಯಾಯದಲ್ಲಿ ಮಗ ಇಷ್ಮಾಯೇಲ ಹುಟ್ಟಿದಾಗ ಅಬ್ರಹಾಮನಿಗೆ 86, ಸುನ್ನತಿಯಾದಾಗ 99. ಬೋರ್ಡಿನ ಮೇಲೆ ಕಳೆದು ನೋಡಿದರೆ ಕಡಿಮೆಯೆಂದರೂ 13. ರೋಮಾಪುರದವರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯದಲ್ಲಿ ಪೌಲ ಹಿಡಿಯುವ ಪಟ್ಟು ಇದೇ: ನೀತಿವಂತನೆನಿಸಿಕೊಂಡಾಗ ಅವನಿಗೆ ಸುನ್ನತಿ ಆಗಿತ್ತೋ, ಇಲ್ಲವೋ? ಗಲಾತ್ಯ 3:17 ಇನ್ನೂ ಮುಂದೆ ಹೋಗುತ್ತದೆ. 430 ವರ್ಷದ ಮೇಲೆ ಮೋಶೆಯ ಮೂಲಕ ಬಂದ ಧರ್ಮಶಾಸ್ತ್ರ ದೇವರು ಅಬ್ರಹಾಮನಿಗೆ ಕೊಟ್ಟ ಹಿಂದಿನ ವಾಗ್ದಾನವನ್ನು ರದ್ದು ಮಾಡಲಾರದು.

ವಿಮೋಚನಕಾಂಡ 20ಕ್ಕೆ ಬಂದಾಗ ಓದು 2ನೇ ವಚನದಿಂದಲೇ ಆಗಬೇಕಿತ್ತು. ‘ಐಗುಪ್ತದ ದಾಸತ್ವದಿಂದ ಬಿಡಿಸಿದವನು ನಾನು’ ಎಂಬ ಮಾತು ಮೊದಲು, ಆಜ್ಞೆ ಆಮೇಲೆ. ಗೋಡೆಗೆ ಹಾಕುವ ಪಟಗಳಲ್ಲಿ ಎಷ್ಟೋ ಸಲ ಈ ವಚನಕ್ಕೇ ಜಾಗವಿರುವುದಿಲ್ಲ. ಕೆಜಿಎಫ್ ಕಡೆಯ ಕ್ಯಾಥೊಲಿಕ್ ಮನೆಯ ಹುಡುಗರು ‘ನರಹತ್ಯೆ ಮಾಡಬಾರದು’ ಐದನೆಯದು ಅಂದರೆ ಪ್ರೊಟೆಸ್ಟೆಂಟ್ ಪಂಗಡವಾದ ಮೆಥೊಡಿಸ್ಟ್ ಹುಡುಗರು ಆರನೆಯದು ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ಇಬ್ಬರೂ ಸರಿ. ಕ್ಯಾಥೊಲಿಕ್ಕರು ಅನ್ಯದೇವರು, ವಿಗ್ರಹ ಎರಡನ್ನೂ ಒಂದೇ ಆಜ್ಞೆಯಾಗಿ ಎಣಿಸಿ, ಪರರದಕ್ಕೆ ಆಶೆಪಡಬಾರದೆಂಬ ಕೊನೆಯ ಆಜ್ಞೆಯನ್ನು ಎರಡಾಗಿ ಒಡೆಯುತ್ತಾರೆ.

ಆಜ್ಞೆ ಯಾತಕ್ಕೆ ಹಾಗಾದರೆ? ರೋಮಾ 3:20ರ ಉತ್ತರ: ಪಾಪದ ಅರಿವಿಗೆ. ಥರ್ಮಾಮೀಟರು ಜ್ವರ ತೋರಿಸುತ್ತದೆ, ಇಳಿಸುವುದಿಲ್ಲ ಎನ್ನುತ್ತಿದ್ದರು ಮೇಷ್ಟ್ರು.

ಅಂತಿಯೋಕ್ಯದ ಊಟದ ಪ್ರಸಂಗಕ್ಕೆ ಒಂದಿಡೀ ಪೀರಿಯಡ್ಡು ಹೋಗುತ್ತಿತ್ತು. ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ ಜೊತೆ ಕೂತು ಉಣ್ಣುತ್ತಿದ್ದ ಯೇಸುವಿನ ಶಿಷ್ಯ ಪೇತ್ರ, ಯೆರೂಸಲೇಮ್ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದೊಡನೆ ಹಿಂದೆ ಸರಿದ. ಪೌಲನ ಜೊತೆಗಾರ ಬಾರ್ನಬನೂ ಪೇತ್ರನ ದಾರಿ ಹಿಡಿದ. ಪೌಲ ಎಲ್ಲರೆದುರೇ ಆಕ್ಷೇಪಿಸಿದ. ಪಂಕ್ತಿಭೇದ ಗೊತ್ತಿರುವ ನಮ್ಮ ಕಡೆ ಇದಕ್ಕೆ ವ್ಯಾಖ್ಯಾನ ಬೇಕಿರಲಿಲ್ಲ. ಅಪೊಸ್ತಲರ ಕೃತ್ಯಗಳು 15ರ ಯೆರೂಸಲೇಮಿನ ಸಭೆಯೂ ಅನ್ಯಜನರ ಮೇಲೆ ಸುನ್ನತಿ ಹೇರಲಿಲ್ಲ. ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ, ಈ ನಾಲ್ಕನ್ನು ಬಿಡಿ ಎಂದಿತು, ಅಷ್ಟೆ.

ಎಡವುವುದು ಯಾಕೋಬನ ಪತ್ರಿಕೆಯಲ್ಲಿ. ‘ಬರೀ ನಂಬಿಕೆಯಿಂದಲ್ಲ’ ಎನ್ನುವ 2:24ನ್ನು ಕಿತ್ತು ಪೌಲನ ಎದುರಿಗೆ ನಿಲ್ಲಿಸುವವರು 2:15–16ನ್ನು ಓದಿರುವುದಿಲ್ಲ. ಬಟ್ಟೆಯಿಲ್ಲದೆ, ಹಸಿದು ನಿಂತವನಿಗೆ ‘ಬೆಚ್ಚಗಿರು, ಹೊಟ್ಟೆತುಂಬ ಉಣ್ಣು’ ಎಂದಷ್ಟೇ ಹೇಳಿ ಕಳಿಸುವವನ ಮೇಲೆ ಯಾಕೋಬನ ಸಿಟ್ಟು. ಪೌಲ ಜಗಳವಾಡುವುದು ಸಭೆಯ ಬಾಗಿಲಲ್ಲಿ ಸುನ್ನತಿಯನ್ನು ಸುಂಕದಂತೆ ಕೇಳುವವರ ಜೊತೆ. ಗಲಾತ್ಯ 5:6ರಲ್ಲಿ ಅವನೂ ಪ್ರೀತಿಯಿಂದ ಕೆಲಸಮಾಡುವ ನಂಬಿಕೆಯನ್ನೇ ಕೇಳುತ್ತಾನೆ.

ಮೆಥೊಡಿಸ್ಟರ 25 ನಂಬಿಕೆಯ ವಿಧಿಗಳಲ್ಲಿ 6ನೆಯದು ಮೋಶೆಯ ಆಚಾರವಿಧಿಗಳು ಕ್ರೈಸ್ತರನ್ನು ಕಟ್ಟುವುದಿಲ್ಲ, ನೈತಿಕ ಆಜ್ಞೆಗಳಿಂದ ಯಾರಿಗೂ ಬಿಡುಗಡೆಯಿಲ್ಲ ಎನ್ನುತ್ತದೆ. ನೀತೀಕರಣದ (ದೇವರು ಮನುಷ್ಯನನ್ನು ನೀತಿವಂತನೆಂದು ಎಣಿಸುವುದರ) ಬಗ್ಗೆ ಲೂಥರನ್ನರೂ ಕ್ಯಾಥೊಲಿಕ್ಕರೂ 1999ರಲ್ಲಿ ಆಗ್ಸ್‌ಬರ್ಗಿನಲ್ಲಿ ಸಹಿ ಹಾಕಿದ ಜಂಟಿ ಘೋಷಣೆಗೆ ಮೆಥೊಡಿಸ್ಟರು ಸೇರಿದ್ದು 2006ರಲ್ಲಿ. ಐದನೆಯದೋ ಆರನೆಯದೋ ಎಂಬ ಎಣಿಕೆ ಮಾತ್ರ ಇನ್ನೂ ಹಾಗೇ ಇದೆ.