ಕೆಜಿಎಫ್‌ನವನು ಪಚೂಕಾಕ್ಕೆ ಹೋದಾಗ

ಮೆಕ್ಸಿಕೋದ ಪಚೂಕಾ ಫುಟ್‌ಬಾಲ್ ತಂಡವನ್ನು ಅಲ್ಲಿನವರು 'ತೂಸೋಸ್' ಅಂತ ಕರೆಯುತ್ತಾರೆ. ನೆಲ ತೋಡಿ ಬಿಲದಲ್ಲಿ ಬದುಕುವ ಒಂದು ಪ್ರಾಣಿಯ ಹೆಸರು ಅದು. ಊರು ತುಂಬ ಬೆಳ್ಳಿ ಗಣಿಗೆ ಇಳಿಯುವವರೇ ಇದ್ದರಲ್ಲ, ಅದಕ್ಕೇ ಆ ಹೆಸರು. ನನ್ನದು ಕೆಜಿಎಫ್ ಗಣಿಯ ಅನ್ನ ತಿಂದ ಮನೆ. ಕೆಲಸದ ಮೇಲೆ ಮೆಕ್ಸಿಕೋ ಸಿಟಿಗೆ ಬಂದ ಮೇಲೆ ಬೇರೆ ಯಾವ ತಂಡವೂ ಮನಸ್ಸಿಗೆ ಹತ್ತಲಿಲ್ಲ.

ಒಂದು ಶನಿವಾರ ಬೆಳಗ್ಗೆ ಪಚೂಕಾದ ಬಸ್ ಹತ್ತಿದೆ. ಸುಮಾರು ಒಂದೂವರೆ ಗಂಟೆ ದಾರಿ. ಮ್ಯಾಚ್ ಇದ್ದದ್ದು ಸಂಜೆ. ಅದಕ್ಕೂ ಮೊದಲು ಪಕ್ಕದ ಬೆಟ್ಟದ ಮೇಲಿರುವ ರಿಯಲ್ ದೆಲ್ ಮೊಂತೆಗೆ ಹೋಗಬೇಕಿತ್ತು. ಈ ತಂಡದ ಬೇರು ಇರುವುದು ಅಲ್ಲಿ.

ಅಲ್ಲಿನ ಪಾಳುಬಿದ್ದ ಗಣಿಗಳನ್ನು ಮತ್ತೆ ನಡೆಸಲು 1824ರಲ್ಲಿ ಲಂಡನ್‌ನಲ್ಲಿ ಒಂದು ಕಂಪನಿ ಹುಟ್ಟಿತು. ಅದರ ಹಿಂದಿದ್ದವನು ಜಾನ್ ಟೇಲರ್. ಹೌದು, 1880ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗೆ ಬಂತಲ್ಲ ಜಾನ್ ಟೇಲರ್ ಅಂಡ್ ಸನ್ಸ್, ಅದೇ ಮನೆತನ! ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿ ಕೆಲಸಗಾರರು ಉಗಿ ಯಂತ್ರಗಳ ಜೊತೆ ಹಡಗಿನಲ್ಲಿ ಬಂದರು. ವೆರಾಕ್ರೂಸ್ ಕರಾವಳಿಯಲ್ಲೇ ಹಳದಿ ಜ್ವರಕ್ಕೆ ಎಷ್ಟೋ ಜನ ಸತ್ತರು. ಉಳಿದವರು ಆ ಭಾರಿ ಯಂತ್ರಗಳನ್ನು ಬೆಟ್ಟಕ್ಕೆ ಸಾಗಿಸಿದರು. 1849ರ ಹೊತ್ತಿಗೆ ಕಂಪನಿ ಮುಳುಗಿತು, ಗಣಿ ಮೆಕ್ಸಿಕನ್ನರ ಕೈಗೆ ಹೋಯಿತು. ಆದರೆ ಕಾರ್ನ್‌ವಾಲ್‌ನವರು ಬರುವುದು ನಿಲ್ಲಲಿಲ್ಲ.

ಅವರು ತಂದ ತಿಂಡಿ ಈಗಲೂ ಬೀದಿ ಬೀದಿಯಲ್ಲಿದೆ. ಅದರ ಹೆಸರು ಪಾಸ್ತೆ. ಮೈದಾ ಹಿಟ್ಟಿನೊಳಗೆ ಆಲೂಗಡ್ಡೆ, ಮಾಂಸ ತುಂಬಿ, ಅಂಚನ್ನು ಜಡೆಯ ಹಾಗೆ ಹೆಣೆದು ಬೇಯಿಸುತ್ತಾರೆ. ಗಣಿಯೊಳಗೆ ಕೈ ತೊಳೆಯಲು ನೀರೆಲ್ಲಿ? ಕೊಳೆ ಕೈಯಲ್ಲಿ ಆ ಜಡೆ ಹಿಡಿದು ತಿಂದು, ಕೊನೆಗೆ ಜಡೆಯನ್ನು ಎಸೆಯುತ್ತಿದ್ದರಂತೆ. ಮೆಕ್ಸಿಕೋಕ್ಕೆ ಬಂದ ಮೇಲೆ ಅದಕ್ಕೆ ಮೆಣಸಿನಕಾಯಿಯೂ ಸೇರಿತು. ನಾನು ಜಡೆಯನ್ನೂ ಬಿಡಲಿಲ್ಲ, ಅಷ್ಟು ಗರಿಗರಿಯಾಗಿತ್ತು.

ಅಕೋಸ್ತಾ ಗಣಿ ಈಗ ಮ್ಯೂಸಿಯಂ. ತಲೆಗೆ ಹೆಲ್ಮೆಟ್ ಕೊಟ್ಟು ಸುರಂಗದೊಳಗೆ ಕರೆದುಕೊಂಡು ಹೋಗುತ್ತಾರೆ. ಗೋಡೆ ಮುಟ್ಟಿದರೆ ತಣ್ಣಗೆ, ಒದ್ದೆ ಒದ್ದೆ. ಹೊರಗೆ ಬಂದವನೇ ಅಪ್ಪನಿಗೆ ಫೋನ್ ಮಾಡಿದೆ.

"ಒಳಗೆ ಬಿಡ್ತಾರಾ?" ಅಪ್ಪ ಮೊದಲು ಕೇಳಿದ್ದೇ ಇದು. "ನಮ್ಮೂರಲ್ಲಿ ನೀರು ತುಂಬ್ಕೊಂಡಿದೆ. ತಾತ ಇಳೀತಿದ್ದ ಜಾಗ ನಿಂಗೆ ತೋರಿಸೋಕೂ ಆಗ್ಲಿಲ್ಲ ನೋಡು."

ಆ ಮಾತು ಬೆಟ್ಟ ಇಳಿಯುವವರೆಗೂ ಕೊರೆಯಿತು. ಕೆಜಿಎಫ್‌ನಲ್ಲೂ ಆಟಕ್ಕೇನು ಕಮ್ಮಿ ಇರಲಿಲ್ಲ. ಫುಟ್‌ಬಾಲ್, ಹಾಕಿ, ಬಾಕ್ಸಿಂಗ್ ಎಲ್ಲ ಇತ್ತು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಈಗ ಹೊರಗಿನವರು ಬಂದರೆ ಸೈನೈಡ್ ದಿಬ್ಬದ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಶನಿವಾರ ಊರಿಗೆ ಊರೇ ಹೋಗಿ ಕೂರುವಂಥ ಒಂದು ತಂಡ ನಮಗೂ ಉಳಿದಿದ್ದರೆ ಅಂತ ತುಂಬಾ ಹೊಟ್ಟೆ ಉರಿಯಿತು.

ಪಚೂಕಾದಲ್ಲಿ ತಂಡ ಸುಮ್ನೆ ಉಳಿಯಲಿಲ್ಲ. ಕಾರ್ನ್‌ವಾಲ್‌ನವರು ಬಿಡುವಿನಲ್ಲಿ ಚೆಂಡು ಒದೆಯುತ್ತಿದ್ದರು. ಕ್ಲಬ್ ಹುಟ್ಟಿದ್ದು 1892ರಲ್ಲಿ ಎಂದು ಕ್ಲಬ್‌ನವರು ಹೇಳುತ್ತಾರೆ, 1901 ಎನ್ನುವವರೂ ಇದ್ದಾರೆ. 1902ರಲ್ಲಿ ದೇಶದ ಮೊದಲ ಲೀಗ್ ಶುರುವಾದಾಗ ಇದ್ದದ್ದು ಐದೇ ತಂಡ. ಆ ಐದರಲ್ಲಿ ಇವತ್ತಿಗೂ ಮೊದಲ ದರ್ಜೆಯಲ್ಲಿ ಆಡುತ್ತಿರುವುದು ಪಚೂಕಾ ಒಂದೇ. ಮೊದಮೊದಲು ತಂಡದ ತುಂಬ ಬ್ರಿಟಿಷರೇ. ನಿಧಾನವಾಗಿ ಊರಿನ ಹುಡುಗರು ಸೇರಿಕೊಂಡರು. ನನ್ನ ಲೆಕ್ಕದಲ್ಲಿ ಪಚೂಕಾ ತಂಡ ನಿಜವಾಗಿ ಹುಟ್ಟಿದ್ದು ಆಗಲೇ.

ಆಮೇಲೆ ಕ್ರಾಂತಿ, ಮಹಾಯುದ್ಧ. ಬ್ರಿಟಿಷರು ಹೋದರು, 1920ರ ದಶಕದಲ್ಲಿ ತಂಡವೇ ಚದುರಿತು. 1950ರ ದಶಕದಲ್ಲಿ ಎರಡನೇ ದರ್ಜೆಯಲ್ಲಿ ಮತ್ತೆ ಕಾಣಿಸಿಕೊಂಡಿತು. 1967ರಲ್ಲಿ ಮೇಲೆ ಬಂತು, 1973ರಲ್ಲಿ ಕೆಳಗೆ ಬಿತ್ತು. ಎಷ್ಟೋ ವರ್ಷ ಇದೇ ಗೋಳು.

ಸಂಜೆ ಇದಾಲ್ಗೊ ಸ್ಟೇಡಿಯಂನಲ್ಲಿ ಗಾಳಿ ಜೋರಾಗಿತ್ತು. ಪಚೂಕಾ ಗಾಳಿಗೇ ಹೆಸರಾದ ಊರು. ಎಲ್ಲೆಲ್ಲೂ ನೀಲಿ ಬಿಳಿ ಅಂಗಿ. ಪಕ್ಕದ ಸೀಟಿನಲ್ಲಿ ಒಬ್ಬರು ಹಿರಿಯರು, ಅವರಪ್ಪನೂ ಗಣಿಯವರಂತೆ. ನಾನೂ ಗಣಿ ಊರಿನವನು ಅಂದ ತಕ್ಷಣ ಮಾತಿಗೆ ಕೂತುಬಿಟ್ಟರು. 1999ರ ಡಿಸೆಂಬರಿನ ಕಥೆ ಹೇಳುವಾಗ ಎದ್ದೇ ನಿಂತರು. ಹಿಂದಿನ ವರ್ಷವಷ್ಟೇ ಮೇಲೆ ಬಂದಿದ್ದ ತಂಡ ಅದು, ಕೋಚ್ ಹಾವಿಯೆರ್ ಅಗೀರೆ. ಫೈನಲ್‌ನಲ್ಲಿ ಎದುರಿಗಿದ್ದದ್ದು ಕ್ರೂಸ್ ಅಸುಲ್. ಹೆಚ್ಚುವರಿ ಸಮಯದಲ್ಲಿ ಗ್ಲಾರಿಯಾ ಹೊಡೆದ ಒಂದೇ ಗೋಲಿಗೆ ಆಟ ಮುಗಿಯಿತು. ಈ ಕಾಲದ ಮೊದಲ ಲೀಗ್ ಪ್ರಶಸ್ತಿ!

"2006 ಕೇಳಿದ್ದೀರಾ?" ಅಂದರು. ಕೇಳದೇ ಇರುತ್ತೇನೆಯೇ? ಕೋಪಾ ಸುದಾಮೆರಿಕಾನಾ ಫೈನಲ್. ಚಿಲಿಯ ಸಾಂತಿಯಾಗೋದಲ್ಲಿ, ಕೊಲೊ-ಕೊಲೊ ತಂಡದ ಸ್ವಂತ ಊರಲ್ಲಿ. ಮೊದಲ ಗೋಲು ಬಿಟ್ಟುಕೊಟ್ಟರೂ ಕಬಾಯೆರೊ, ಹಿಮೆನೆಸ್ ಒಂದೊಂದು ಹೊಡೆದು 2-1ಕ್ಕೆ ಗೆದ್ದರು. ದಕ್ಷಿಣ ಅಮೆರಿಕದವರ ಟೂರ್ನಿಯನ್ನು ಅಲ್ಲೇ ಹೋಗಿ ಗೆದ್ದ ಮೊದಲ ಮೆಕ್ಸಿಕನ್ ತಂಡ. ಗೋಲ್‌ಕೀಪರ್ ಕೊಲಂಬಿಯಾದ ಮಿಗೆಲ್ ಕಲೇರೊ. ಅವರು ತೀರಿಕೊಂಡದ್ದು 2012ರಲ್ಲಿ. ಆ ಹೆಸರು ಹೇಳುವಾಗ ಹಿರಿಯರ ದನಿ ಒಡೆಯಿತು.

ಅಷ್ಟರಲ್ಲಿ ತೂಸೋಗಳು ಗೋಲು ಹೊಡೆದರು. ಡ್ರಮ್ಮು, ಕೂಗು, ಹಾರಾಡುವ ಬಾವುಟ. ಹಿರಿಯರು ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿಬಿಟ್ಟರು. "ಮುಂದಿನ ಸಲ ನಿಮ್ಮ ತಂದೆಯವರನ್ನೂ ಕರ್ಕೊಂಡು ಬನ್ನಿ" ಅಂದರು. ಅಪ್ಪ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದ್ದಾರೆ.