ಫ್ರಿಜ್‌ನ ಹಿಂದಿದ್ದ ಹಳದಿ ಪುಡಿ

ಕಳೆದ ತಿಂಗಳು ನಮ್ಮ ಮೋಟರ್‌ಹೋಮ್‌ನ, ಅಂದರೆ ಮನೆಯಂತೆ ಉಳಿದುಕೊಂಡು ಸುತ್ತಾಡುವ ಗಾಡಿಯ, ಫ್ರಿಜ್ ಕೆಟ್ಟಿತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಪಕ್ಕದ ಮನೆಯ ಹಿರಿಯರ ಒಂದು ಮಾತು. ಗ್ರ್ಯಾಂಡ್ ಕ್ಯಾನಿಯನ್ ನೋಡಿಕೊಂಡು ಫೀನಿಕ್ಸ್‌ಗೆ ಮರಳಿದ ಸಂಜೆ, ಹುಳಿ ಉಕ್ಕಿದ ದೋಸೆ ಹಿಟ್ಟನ್ನೂ ನೀರೊಡೆದ ಮೊಸರನ್ನೂ ಚೆಲ್ಲುತ್ತಿದ್ದಾಗ ಅವರು ಬೇಲಿಯಾಚೆಯಿಂದ "ಏನು ಕೆಟ್ಟಿದೆ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಹಳೆಯದು, ಹೊಸದನ್ನೇ ತರಿಸುತ್ತೇನೆ ಎಂದೆ. "ನೀವು ಭಾರತದವರು. ಕೆಟ್ಟದ್ದನ್ನು ಮೊದಲು ಬಿಚ್ಚಿ ನೋಡುತ್ತೀರಿ ಅಂದುಕೊಂಡಿದ್ದೆ," ಎಂದು ಮೆಲ್ಲಗೆ ಹೇಳಿ ಅವರು ಒಳಗೆ ಹೋದರು. ಮಾತಿನಲ್ಲಿ ಕೊಂಕಿರಲಿಲ್ಲ, ಅದಕ್ಕೇ ಹೆಚ್ಚು ನಾಟಿತು.

ಕೋಲಾರದ ನಮ್ಮ ಮನೆಯ ಮೊದಲ ಫ್ರಿಜ್ ಒಂದು ಬೇಸಿಗೆಯಲ್ಲಿ ನಿಂತುಹೋದಾಗ, ಡೂಂ ಲೈಟ್ ವೃತ್ತದ ಕಡೆಯಿಂದ ಬಂದ ಮೆಕ್ಯಾನಿಕ್ ಅದನ್ನು ಗೋಡೆಯಿಂದ ಈಚೆಗೆ ಎಳೆದು, ಕಂಪ್ರೆಸರ್ ಮೇಲೆ ಅಂಗೈಯಿಟ್ಟು, ಕಿವಿಗೊಟ್ಟು ಕೂತಿದ್ದರು. ಸ್ವಲ್ಪ ಹೊತ್ತಿಗೊಮ್ಮೆ 'ಟಕ್' ಎನ್ನುತ್ತಿತ್ತು. "ರಿಲೇ ಹೋಗಿದೆ ಅಮ್ಮಾ, ಕಂಪ್ರೆಸರ್ ಗಟ್ಟಿಯಾಗಿದೆ," ಎಂದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಕಪ್ಪು ತುಂಡನ್ನು ಬದಲಿಸಿದರು. ಆಮೇಲೆ ಆ ಫ್ರಿಜ್ ಒಂಬತ್ತು ವರ್ಷ ಓಡಿತು.

ಶನಿವಾರ ನಾನೇ ಹಿರಿಯರನ್ನು ಕರೆದೆ. ಅವರು ನಲವತ್ತು ವರ್ಷ ವೆಲ್ಡಿಂಗ್ ಮಾಡಿ ನಿವೃತ್ತರಾದವರು. ಗಾಡಿಯ ಹೊರಮೈಯಲ್ಲಿರುವ ಗಾಳಿಕಿಂಡಿಯ ಮುಚ್ಚಳ ತೆಗೆದೆವು. ಈ ಫ್ರಿಜ್‌ನಲ್ಲಿ ಕಂಪ್ರೆಸರ್ ಇಲ್ಲ, ತಿರುಗುವ ಭಾಗವೇ ಇಲ್ಲ. 1922ರಲ್ಲಿ ಸ್ಟಾಕ್‌ಹೋಮ್‌ನ ಇಬ್ಬರು ವಿದ್ಯಾರ್ಥಿಗಳಾದ ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ರೂಪಿಸಿದ ವಿಧಾನ ಇದರದು. ಗ್ಯಾಸಿನ ಸಣ್ಣ ಉರಿಯೋ ಕರೆಂಟಿನ ಹೀಟರೋ ಅಮೋನಿಯ ಬೆರೆತ ನೀರನ್ನು ಕಾಯಿಸುತ್ತದೆ. ಮೇಲೇರಿದ ಅಮೋನಿಯದ ಆವಿ ದ್ರವವಾಗಿ ಇಳಿದು, ಹೈಡ್ರೋಜನ್ ತುಂಬಿದ ಕೊಳವೆಯಲ್ಲಿ ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಶಾಖವನ್ನು ಹೀರುತ್ತದೆ. ಒದ್ದೆ ಬಟ್ಟೆ ಸುತ್ತಿದ ನಮ್ಮಜ್ಜಿಯ ಮಡಕೆಯಲ್ಲಿ ನೀರು ತಣ್ಣಗಾಗುತ್ತಿದ್ದದ್ದೂ ಹೀಗೆಯೇ, ಆವಿಯಿಂದಲೇ.

ಉರಿಯುವ ಜಾಗದಲ್ಲಿ ಮಸಿ ಕಟ್ಟಿದ್ದರೆ, ಹೀಟರ್ ಸುಟ್ಟಿದ್ದರೆ, ಇಲ್ಲವೇ ಸರ್ಕ್ಯೂಟ್ ಬೋರ್ಡ್ ಕೆಟ್ಟಿದ್ದರೆ ರಿಪೇರಿ ಸುಲಭವಾಗುತ್ತಿತ್ತು. ಮೀಟರ್ ಹಿಡಿದು ನೋಡಿದಾಗ ಹೀಟರ್ ಸರಿಯಾಗಿಯೇ ಇತ್ತು. ಆದರೆ ಕಾಯುವ ಕೊಳವೆಯ ಬುಡದಲ್ಲಿ, ಬೆರಳಗಲದಷ್ಟು ಜಾಗದಲ್ಲಿ, ಅರಿಸಿನ ಉದುರಿದಂತೆ ಹಳದಿ ಪುಡಿ ಅಂಟಿಕೊಂಡಿತ್ತು, ಮೂಗಿಗೆ ಅಮೋನಿಯದ ಘಾಟು ಬಡಿಯಿತು. ಕೈಚಾಚಿದ ನನ್ನನ್ನು ಅವರು ತಡೆದರು. ಕೊಳವೆ ಒಳಗಿನಿಂದ ತುಕ್ಕು ಹಿಡಿಯದಿರಲೆಂದು ಬೆರೆಸುವ ಸೋಡಿಯಂ ಕ್ರೋಮೇಟ್ ಅದು, ವಿಷ. ಕೊಳವೆ ಬಿರಿದಿದೆ ಎಂಬುದಕ್ಕೆ ಗುರುತು. "ಒಳಗೆ ಒತ್ತಡದಲ್ಲಿ ಹೈಡ್ರೋಜನ್ ಇರುತ್ತದೆ, ಇದಕ್ಕೆ ನಾನೂ ಕೈ ಹಾಕುವುದಿಲ್ಲ," ಎಂದರು.

ತಪ್ಪು ನನ್ನದೇ. ಹಿಂದಿನ ತಿಂಗಳು ಸ್ನೇಹಿತರ ಮನೆಯ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ, ಎರಡು ದಿನ ಗ್ಯಾಸ್ ಉರಿಸಿದ್ದೆ. ಗಾಡಿ ಮಟ್ಟವಾಗಿಲ್ಲದಿದ್ದರೆ ದ್ರವ ಹಿಂದಿರುಗಿ ಹರಿಯದೆ ಕೊಳವೆ ಅತಿಯಾಗಿ ಕಾಯುತ್ತದೆ. ಅದನ್ನು ತಿಳಿಯದೆ ಹೊಸ ಫ್ರಿಜ್ ತಂದಿದ್ದರೆ ಅದನ್ನೂ ಹಾಗೆಯೇ ಸುಡುತ್ತಿದ್ದೆ.

ರಾತ್ರಿ ಕೋಲಾರಕ್ಕೆ ಫೋನ್ ಮಾಡಿ, ಹೆಮ್ಮೆಯಿಂದಲೇ ಆ ಮೆಕ್ಯಾನಿಕ್ ವಿಷಯ ತೆಗೆದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. "ಆ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತಪ್ಪಾ. ಯುಗಾದಿಗೆ ನಮ್ಮ ಫ್ರಿಜ್ ನಿಂತಾಗ ಬಂದವನು ಹಿಂಬದಿಯನ್ನು ಬಿಚ್ಚಲೂ ಇಲ್ಲ. ಬೋರ್ಡಿನ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸದೇ ತಗೊಳ್ಳಿ ಅಂದ, ತಗೊಂಡೆವು." ಹಿರಿಯರು ನನ್ನಲ್ಲಿ ಕಂಡುಕೊಂಡಿದ್ದ ಊರು ಊರಿನಲ್ಲೇ ತೆಳುವಾಗಿದೆಯೆಂದು ಅವರಿಗೆ ಹೇಳಲು ಮನಸ್ಸಾಗಲಿಲ್ಲ.

ಕಂಪ್ರೆಸರ್ ಇರುವ 12 ವೋಲ್ಟ್ ಫ್ರಿಜ್ ಹಾಕಿಸಬಹುದಿತ್ತು. ಅದು ಬೇಗ ತಣಿಯುತ್ತದೆ, ಅರಿಜೋನಾದ ಬಿಸಿಲಿಗೂ ಹೆಚ್ಚು ಒಗ್ಗುತ್ತದೆ. ಆದರೆ ಕರೆಂಟಿಲ್ಲದ ಕಾಡಿನಲ್ಲಿ ವಾರಗಟ್ಟಲೆ ನಿಲ್ಲುವ ನಮಗೆ ಅದಕ್ಕಾಗಿ ಬ್ಯಾಟರಿ, ಸೋಲಾರ್ ಎಲ್ಲವನ್ನೂ ಹೆಚ್ಚಿಸಬೇಕಾಗುತ್ತಿತ್ತು. ನಮ್ಮ ಫ್ರಿಜ್‌ನ ಪೆಟ್ಟಿಗೆ, ಬಾಗಿಲಿನ ರಬ್ಬರ್, ಬೋರ್ಡ್ ಎಲ್ಲವೂ ಗಟ್ಟಿಯಾಗಿದ್ದವು. ಆದ್ದರಿಂದ ಹಿಂಬದಿಯ ಕೊಳವೆಗಳ ಜಾಲವನ್ನಷ್ಟೇ ಬದಲಿಸಲು ನಿರ್ಧರಿಸಿದೆ. ಅದಕ್ಕೆ ನನಗೆ ಹೇಳಿದ ಬೆಲೆ ಹೊಸ ಫ್ರಿಜ್‌ನ ಅರ್ಧದಷ್ಟು. ಇಬ್ಬರೂ ಸೇರಿ ಫ್ರಿಜ್ಜನ್ನು ಹಾಸಿಗೆಯ ಮೇಲೆ ಮಕಾಡೆ ಮಲಗಿಸಿ ಹಳೆಯದನ್ನು ಕಿತ್ತು ಹೊಸದನ್ನು ಕೂರಿಸುವಷ್ಟರಲ್ಲಿ ಭಾನುವಾರ ಕತ್ತಲಾಯಿತು.

ಹೊರಡುವಾಗ ಅವರು ತಮ್ಮದೊಂದು ಪುಟ್ಟ ರಸಮಟ್ಟವನ್ನು ನನ್ನ ಕೈಗಿತ್ತರು. ಈಗ ಎಲ್ಲಿಯೇ ಗಾಡಿ ನಿಲ್ಲಿಸಿದರೂ, ಗ್ಯಾಸ್ ಹಚ್ಚುವ ಮುನ್ನ ಮಗಳು ಅದನ್ನು ಫ್ರೀಜರ್‌ನೊಳಗಿಟ್ಟು ಬಗ್ಗಿ ನೋಡುತ್ತಾಳೆ. ನಾನು ಚಕ್ರದಡಿಗೆ ಹಲಗೆ ಸೇರಿಸುತ್ತಾ, ಗುಳ್ಳೆ ನಡುವಿಗೆ ಬಂತೆಂದು ಅವಳು ಕೂಗುವವರೆಗೆ ಕಾಯುತ್ತೇನೆ.