ಇಲ್ಲೇ ನಿಂತಿದೀನಲ್ಲಪ್ಪ

ಶನಿವಾರ ರಾತ್ರಿ ಭಾವನ ಕಂಪ್ಯೂಟರಿನಲ್ಲಿ ಮೌಸ್ ಕೊನೆಗೂ ಓಡಾಡಿತು. ಎದ್ದು ಕುಣಿಯಬೇಕಿತ್ತು ನಾನು. ಆದರೆ ಸುಮ್ನೆ ಪರದೆ ನೋಡುತ್ತಾ ಕೂತೆ. ಕಿವಿಯಲ್ಲಿ ಜಯಕ್ಕನ ಮಾತೇ ಇತ್ತು.

ಭಾವನದು ಚಿಕ್ಕಮಗಳೂರಿನ ಹನುಮಂತಪ್ಪ ಸರ್ಕಲ್ ಹತ್ತಿರ ಪುಟ್ಟ ಜೆರಾಕ್ಸ್ ಅಂಗಡಿ. ಅಲ್ಲಿರುವ ಹಳೇ ಡೆಸ್ಕ್‌ಟಾಪ್‌ಗೆ ದುಂಡನೆ ಹಸಿರು ಪಿನ್ನಿನ ಪಿಎಸ್/2 ಮೌಸ್. ಅದಕ್ಕೆ ಲಿನಕ್ಸ್ ಹಾಕಿಕೊಟ್ಟವನು ನಾನೇ. ಕೀಬೋರ್ಡ್ ಸರಿಯಿತ್ತು, ಮೌಸ್ ಮಾತ್ರ ಇಲ್ಲವೇ ಇಲ್ಲ ಅಂದಿತು ಲಿನಕ್ಸ್. "ಒಂದು ಯುಎಸ್‌ಬಿ ಮೌಸ್ ತಂದ್ರೆ ಮುಗೀತಲ್ಲ ಮಾರಾಯ" ಅಂದರು ಭಾವ. ಮುಗಿಯುತ್ತಿತ್ತು. ಆದರೆ ಮೊದಲಿದ್ದ ವಿಂಡೋಸ್‌ನಲ್ಲಿ ಇದೇ ಮೌಸ್ ಚೆನ್ನಾಗಿ ಓಡುತ್ತಿತ್ತು. ಕಣ್ಣೆದುರಿಗೆ ಇರುವುದನ್ನು ಇಲ್ಲ ಅಂದರೆ ನನಗೆ ತಡೆಯುವುದಿಲ್ಲ.

ಅದರ ನಡುವೆ ಶುಕ್ರವಾರ ಜಯಕ್ಕನನ್ನು ಸ್ಕೂಟರಿನಲ್ಲಿ ರೇಷನ್ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಜೋರು ಮಳೆ. ಆಲ್ದೂರು ಕಡೆಯ ತೋಟದ ಲೈನ್ ಮನೆಯಲ್ಲಿದ್ದು ನಲವತ್ತು ವರ್ಷ ಕಾಫಿ ಹಣ್ಣು ಕೊಯ್ದವರು ಅವರು. ಬೆರಳ ತುದಿ ಸವೆದು ನುಣ್ಣಗಾಗಿದೆ. ಹೆಬ್ಬೆರಳು ಇಟ್ಟರು, ಬರಲಿಲ್ಲ. ಸೀರೆ ಸೆರಗಿಗೆ ಒರೆಸಿ ಮತ್ತೆ ಇಟ್ಟರು. ಇಲ್ಲ. ಮೂರನೇ ಸಲವೂ ಇಲ್ಲ.

"ಮಿಷನ್‌ನಲ್ಲಿ ನೀವು ಬರ್ತಾ ಇಲ್ಲ ಕಣಮ್ಮ" ಅಂದರು ಅಂಗಡಿಯವರು.

"ಇಲ್ಲೇ ನಿಂತಿದೀನಲ್ಲಪ್ಪ" ಅಂದರು ಜಯಕ್ಕ.

ಸಿಟ್ಟಿನಿಂದ ಅಂದಿದ್ದಲ್ಲ. ತಪ್ಪು ತಿಳಿದುಕೊಂಡ ಮಗುವಿಗೆ ತಿಳಿಸಿ ಹೇಳುವ ಹಾಗೆ ಅಂದರು. ಒಟಿಪಿ ತರಿಸೋಣ ಅಂದರೆ ಕೊಟ್ಟಿದ್ದ ನಂಬರ್ ಈಗ ಇಲ್ಲ. ಅಂಗಡಿಯವರು ಕೆಟ್ಟವರಲ್ಲ, ಹಿಂದೆ ಸಾಲು ಬೆಳೆದಿತ್ತು. ಆದರೂ ಒಂದು ಸಲ ಜಯಕ್ಕನ ಮುಖ ನೋಡಿ ಮಾತಾಡಬಹುದಿತ್ತು. ಮಿಷನ್ ಮುಖವನ್ನೇ ನೋಡುತ್ತಿದ್ದರು.

ರಾತ್ರಿ ಲಿನಕ್ಸ್‌ನ ಡ್ರೈವರ್ ಕೋಡ್, ಅಂದರೆ ಕೀಬೋರ್ಡ್ ಮೌಸ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ, ಓದಲು ಕೂತೆ. ಫೈಲಿನ ಹೆಸರು ಐ8042. ಮೌಸ್ ಪೋರ್ಟ್, ಅಂದರೆ ಮೌಸ್ ಚುಚ್ಚುವ ಜಾಗ, ಇದೆಯೋ ಇಲ್ಲವೋ ನೋಡುವಾಗ ಅದು ಮೌಸ್‌ನ ತಂಟೆಗೇ ಹೋಗುವುದಿಲ್ಲ. ನಡುವೆ ಇರುವ ಕಂಟ್ರೋಲರ್ ಚಿಪ್‌ಗೆ ಒಂದು ಬೈಟ್ ಕೊಟ್ಟು, ಇದನ್ನು ಮೌಸ್ ಕಡೆಯಿಂದ ಬಂದ ಹಾಗೆ ವಾಪಸ್ ಕಳಿಸು ಅನ್ನುತ್ತದೆ. ಇದು ಲೂಪ್ ಪರೀಕ್ಷೆ. ಬೈಟ್ ಬಂದ ಗುರುತಿಗೆ 12ನೇ ಇಂಟರಪ್ಟ್, ಅಂದರೆ ಪ್ರೊಸೆಸರನ್ನು ತಟ್ಟಿ ಕರೆಯುವ ಸಂಕೇತ, ಬರಬೇಕು. ಅದಕ್ಕೆ ಕಾಯುವುದು 250 ಮಿಲಿಸೆಕೆಂಡ್. ಕಾಲು ಸೆಕೆಂಡ್! ಅಷ್ಟರಲ್ಲಿ ಬರದಿದ್ದರೆ ಪೋರ್ಟ್ ಇಲ್ಲ ಅಂತ ತೀರ್ಮಾನ.

ಬರೆದವರಿಗೆ ಕಾರಣ ಇತ್ತು. ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ಬಯಾಸ್ ಆ ಇಂಟರಪ್ಟನ್ನು ಬೇರೆ ಕಾರ್ಡಿಗೆ ಕೊಟ್ಟಿರಬಹುದು, ಅದನ್ನು ನೋಡಲೇಬೇಕು. ಆದರೆ ಭಾವನ ಕಂಪ್ಯೂಟರಿನ ಚಿಪ್ ಬೈಟನ್ನು ವಾಪಸ್ ಕೊಡುತ್ತದೆ, ಇಂಟರಪ್ಟ್ ಮಾತ್ರ ಎಬ್ಬಿಸುವುದಿಲ್ಲ. ನಿಜವಾದ ಮೌಸ್ ಅಲುಗಾಡಿದರೆ ಎಬ್ಬಿಸುತ್ತದೆ. ಪರೀಕ್ಷೆಯಲ್ಲಿ ಫೇಲ್, ಕೆಲಸದಲ್ಲಿ ಪಾಸ್.

ಬೂಟ್ ಆಗುವಾಗ 'ನೋಲೂಪ್' ಅನ್ನುವ ಆಯ್ಕೆ ಕೊಟ್ಟರೆ ಈ ಪರೀಕ್ಷೆ ಬಿಟ್ಟುಹೋಗುತ್ತದೆ. ಆ ಜಾಗದಲ್ಲಿ ಕೋಡ್ ಬರೆದವರು ಒಂದು ಟಿಪ್ಪಣಿ ಇಟ್ಟಿದ್ದಾರೆ. ಲೂಪ್ ಇಲ್ಲದೆ ನಾವು ಪರೀಕ್ಷಿಸಲಾರೆವು, ಪೋರ್ಟ್ ಕೆಲಸ ಮಾಡುತ್ತಿದೆ ಅಂತಲೇ ಇಟ್ಟುಕೊಳ್ಳೋಣ, ನಮ್ಮ ಊಹೆ ಸರಿಯಿರಲಿ ಅಂತ ಆಶಿಸೋಣ ಅನ್ನುವ ಅರ್ಥದ್ದು. ಅದನ್ನು ಎಷ್ಟು ಸಲ ಓದಿದೆನೋ. ಪರೀಕ್ಷೆ ಮಾಡಲು ಆಗದಿದ್ದರೆ ಇದೆ ಅಂತ ನಂಬುವುದು. ರೇಷನ್ ಅಂಗಡಿಯ ಮಿಷನ್‌ಗೆ ಇಂಥ ಒಂದು ಸಾಲನ್ನು ಯಾಕೆ ಯಾರೂ ಬರೆಯಲಿಲ್ಲ?

ಇನ್ನೂ ಒಂದಿದೆ. ಹೀಗೆ ಎಡವಟ್ಟಾಗುವ ಕಂಪ್ಯೂಟರುಗಳದೇ ಒಂದು ಪಟ್ಟಿ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿದೆ. ತಯಾರಕರ ಹೆಸರು, ಮಾದರಿಯ ಹೆಸರು, ಇದಕ್ಕೆ ಏನು ವಿನಾಯಿತಿ ಅಂತ. ಯಾರೋ ಎಲ್ಲೋ ನನ್ನ ಹಾಗೇ ರಾತ್ರಿ ಕೂತು ಸೇರಿಸಿದ ಸಾಲುಗಳು. ಕಂಪ್ಯೂಟರಿಗೆ ಇಷ್ಟು ಕಾಳಜಿ ಮಾಡುತ್ತೇವೆ, ಅಲ್ವಾ? ಭಾವನ ಕಂಪ್ಯೂಟರಿನ ಮಾದರಿಯನ್ನೂ ಸೇರಿಸಿ, ಕರ್ನಲ್ ಕಟ್ಟಿ, ಯಾವ ಆಯ್ಕೆಯೂ ಕೊಡದೆ ಬೂಟ್ ಮಾಡಿದೆ. ಬಾಣದ ಗುರುತು ಅಲುಗಾಡಿತು. ಆ ತಿದ್ದುಪಡಿಯನ್ನು ಕರ್ನಲ್ ನೋಡಿಕೊಳ್ಳುವವರಿಗೆ ಪ್ಯಾಚ್ ಆಗಿ ಕಳಿಸಿದ್ದೇನೆ.

ನಾಳೆ ಜಯಕ್ಕನ ಬೆರಳಚ್ಚು ಹೊಸದಾಗಿ ಕೊಡಿಸಿ, ಫೋನ್ ನಂಬರನ್ನೂ ಬದಲಾಯಿಸಲು ಹೋಗುತ್ತಿದ್ದೇವೆ. ಶುಕ್ರವಾರದಿಂದ ದಿನಾ ರಾತ್ರಿ ಹೆಬ್ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದಾರಂತೆ.